ಶಿಶುವಿನ ಕೈಯಲ್ಲಿ ಭೂಮಂಡಲ: ಡಾ. ಮರಿಯಾ ಮಾಂಟೆಸ್ಸರಿಯವರ ಜೀವನಕಥನ

ವಿದ್ಯೆಯ ಮೊದಲ ಫಲವು ವಿನಯವೆಂದು ನಮ್ಮ ಹಿರಿಯರು ನಿರ್ಣಯಿಸಿದ್ದಾರೆ. ಗುರುಹಿರಿಯರ ಮುಂದೆ ತಲೆಬಾಗುವುದು ವಿನಯದ ಒಂದು ಮುಖ. ತಾನು ಕಾಣದ ನಾಡಿನ ಜನ, ತಾನು ಅರಿಯದ ಭಾಷೆ, ತಾನು ಉಣ್ಣದ ಅನ್ನ, ತಾನು ತೊಡದ ಉಡುಗೆ ಇವುಗಳ ಮುಂದೆಯೂ ಮನಸ್ಸು ಗೌರವದಿಂದ ನಿಲ್ಲುವುದು ಅದರ ಇನ್ನೊಂದು ಮುಖ. ಮೊದಲನೆಯದನ್ನು ಮನೆಯೇ ಕಲಿಸುತ್ತದೆ. ಎರಡನೆಯದನ್ನು ಕಲಿಸುವ ಹೊಣೆ ಬಹುಮಟ್ಟಿಗೆ ಶಾಲೆಯದು. ಆದರೆ ಅದನ್ನು ಯಾವ ವಯಸ್ಸಿನಲ್ಲಿ, ಯಾವ ಕ್ರಮದಲ್ಲಿ ಕಲಿಸಬೇಕು? ಅಕ್ಷರವನ್ನೇ ಅರಿಯದ ನಾಲ್ಕೈದು ವರ್ಷದ ಮಗುವಿಗೆ ದೇಶಾಂತರದ ಜನಜೀವನವು ಹೇಗೆ ತಾನೆ ತಿಳಿದೀತು? ಈ ಪ್ರಶ್ನೆಯನ್ನು ತಮ್ಮ ಬಾಳಿನ ಕೊನೆಯ ಘಟ್ಟದಲ್ಲಿ ಎತ್ತಿಕೊಂಡು, ಅದಕ್ಕೆ ಕೃತಿರೂಪದ ಉತ್ತರವನ್ನು ಕೊಟ್ಟವರು ಇಟಲಿಯ ವೈದ್ಯೆ ಡಾ. ಮರಿಯಾ ಮಾಂಟೆಸ್ಸರಿಯವರು.

ಇಂದು ನಮ್ಮ ಪಟ್ಟಣಗಳ ಬೀದಿಬೀದಿಗಳಲ್ಲಿ ಅವರ ಹೆಸರನ್ನು ಹೊತ್ತ ಫಲಕಗಳಿವೆ. ಆ ಹೆಸರನ್ನು ಓದುವವರಲ್ಲಿ ಹಲವರಿಗೆ ಅದು ಒಬ್ಬ ಮಹಿಳೆಯ ಹೆಸರೆಂಬುದೂ ತಿಳಿಯದು. ಆಕೆ ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದರೆಂಬುದೂ, ಜಗತ್ತಿನ ಜನರೆಲ್ಲರನ್ನೂ ಒಂದೇ ಮನೆಯ ಮಂದಿಯೆಂದು ಮಕ್ಕಳಿಗೆ ತೋರಿಸುವ ಪಾಠಕ್ರಮವನ್ನು ಕೊಡೈಕನಾಲಿನ ಬೆಟ್ಟದ ಮೇಲೆ ಬೆಳೆಸಿದರೆಂಬುದೂ ಇನ್ನೂ ಕಡಿಮೆ ಮಂದಿಗೆ ತಿಳಿದ ಸಂಗತಿ. ಆದ್ದರಿಂದ ಆ ಪುಣ್ಯಜೀವಿಯ ಚರಿತ್ರೆಯನ್ನು ಶಿಕ್ಷಕಬಂಧುಗಳ ಮತ್ತು ವಿದ್ಯಾಭಿಮಾನಿಗಳ ಮುಂದೆ ಸಂಗ್ರಹವಾಗಿ ನಿವೇದಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಇಟಲಿಯ ಪೂರ್ವ ಕರಾವಳಿಯ ಅಂಕೋನಾ ನಗರದ ಬಳಿ ಕಿಯಾರಾವಲ್ಲೆ ಎಂಬ ಚಿಕ್ಕ ಊರಿದೆ. ಅಲ್ಲಿ ೧೮೭೦ರ ಆಗಸ್ಟ್ ೩೧ರಂದು ಮರಿಯಾ ಜನಿಸಿದರು. ತಂದೆ ಅಲೆಸ್ಸಾಂದ್ರೊ ಮಾಂಟೆಸ್ಸರಿಯವರು ಸರಕಾರಿ ಅಧಿಕಾರಿಗಳು. ಶಿಸ್ತನ್ನೂ ಹಳೆಯ ನಡೆವಳಿಕೆಯನ್ನೂ ಬಿಡದವರು. ತಾಯಿ ರೆನಿಲ್ದೆಯವರು ಪುಸ್ತಕಪ್ರಿಯರು. ಮಗಳ ಹಂಬಲಗಳಿಗೆಲ್ಲ ಒತ್ತಾಸೆಯಾಗಿ ನಿಂತವರು. ಮರಿಯಾ ಹುಟ್ಟಿದ ವರ್ಷವೇ ರೋಮ್ ನಗರವು ಇಟಲಿಯ ರಾಜ್ಯದಲ್ಲಿ ಸೇರಿತು. ಹೊಸ ರಾಷ್ಟ್ರವೊಂದು ತನ್ನ ಹೆಜ್ಜೆಯನ್ನು ಊರುತ್ತಿದ್ದ ಕಾಲವದು. ೧೮೭೫ರಲ್ಲಿ ಕುಟುಂಬವು ರೋಮಿಗೆ ಬಂದು ನೆಲಸಿತು.

ಅಂದಿನ ಕನ್ಯೆಯರಿಗೆ ಮೀಸಲಾಗಿದ್ದುದು ಉಪಾಧ್ಯಾಯಿನಿಯ ವೃತ್ತಿಯೊಂದೇ. ಮರಿಯಾ ಅದನ್ನು ಒಲ್ಲದೆ, ಗಣಿತದ ಮೇಲಣ ಪ್ರೀತಿಯಿಂದ ಹುಡುಗರ ತಾಂತ್ರಿಕ ಶಾಲೆಯನ್ನು ಸೇರಿದರು. ಅನಂತರ ಅವರ ಮನಸ್ಸು ವೈದ್ಯಶಾಸ್ತ್ರದತ್ತ ಹೊರಳಿತು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ವಿಶ್ವವಿದ್ಯಾಲಯದಲ್ಲಿಯೂ ಸ್ವಾಗತವಿರಲಿಲ್ಲ. ಗಂಡಸರ ಜೊತೆಯಲ್ಲಿ ನಿಂತು ಹೆಣ್ಣುಮಗಳೊಬ್ಬಳು ಶವಚ್ಛೇದನವನ್ನು ನೋಡುವುದು ಅನುಚಿತವೆಂದು ಬಗೆದಿದ್ದ ಕಾಲವಾದ್ದರಿಂದ, ಉಳಿದ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ಆ ಕೊಠಡಿಯಲ್ಲಿ ಒಬ್ಬಂಟಿಯಾಗಿ ಅವರು ತಮ್ಮ ಅಭ್ಯಾಸವನ್ನು ನಡೆಸಬೇಕಾಯಿತು. ಇಂತಹ ಅಡೆತಡೆಗಳನ್ನೆಲ್ಲ ದಾಟಿ ೧೮೯೬ರಲ್ಲಿ ವೈದ್ಯಪದವಿಯನ್ನು ಪಡೆದು, ಇಟಲಿಯ ಮೊದಲ ಮಹಿಳಾ ವೈದ್ಯರ ಪಂಕ್ತಿಯಲ್ಲಿ ಸ್ಥಾನ ಪಡೆದರು. ಮಗಳ ಕೀರ್ತಿಯನ್ನು ಕಂಡ ತಂದೆಯ ಮುನಿಸು ಕರಗಿ ಅಭಿಮಾನವಾಯಿತು. ಅದೇ ವರ್ಷ ಬರ್ಲಿನ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ತಮ್ಮ ದೇಶದ ಪ್ರತಿನಿಧಿಯಾಗಿ, ದುಡಿಯುವ ಹೆಂಗಸರಿಗೂ ಗಂಡಸರಷ್ಟೇ ಕೂಲಿ ಸಲ್ಲಬೇಕೆಂದು ಅವರು ವಾದಿಸಿದರು.

ತ್ಯಜಿಸಲ್ಪಟ್ಟ ಮಕ್ಕಳ ಸನ್ನಿಧಿಯಲ್ಲಿ

ರೋಮಿನ ಮನೋರೋಗ ಚಿಕಿತ್ಸಾಲಯದಲ್ಲಿ ಸಹಾಯಕರಾಗಿ ಸೇರಿದ ತರುಣ ವೈದ್ಯೆಗೆ ಅಲ್ಲಿ ಹೃದಯವಿದ್ರಾವಕವಾದ ದೃಶ್ಯವೊಂದು ಕಾದಿತ್ತು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಹುಚ್ಚರ ಜೊತೆಯಲ್ಲಿ ಬರಿಯ ಗೋಡೆಗಳ ನಡುವೆ ಕೂಡಿಹಾಕಿದ್ದರು. ಆಡಲು ಒಂದು ವಸ್ತುವಿಲ್ಲ, ಮುಟ್ಟಲು ಒಂದು ಬಣ್ಣವಿಲ್ಲ. ಇವರಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣವೆಂದು ಅವರಿಗೆ ಮನವರಿಕೆಯಾಯಿತು. ಫ್ರಾನ್ಸಿನ ಇತಾರ್ ಮತ್ತು ಸೆಗ್ಯಾಂ ಎಂಬ ಇಬ್ಬರು ವೈದ್ಯರು ಇಂತಹ ಮಕ್ಕಳ ಶಿಕ್ಷಣವನ್ನು ಕುರಿತು ಬರೆದಿದ್ದ ಗ್ರಂಥಗಳನ್ನು ಅವರು ಆಮೂಲಾಗ್ರವಾಗಿ ಅಭ್ಯಸಿಸಿದರು. ಒಂದೊಂದು ಶಬ್ದವನ್ನೂ ತೂಗಿ ನೋಡುವ ಸಲುವಾಗಿ ತಮ್ಮ ಕೈಯಿಂದಲೇ ಇಟಲಿಯ ಭಾಷೆಗೆ ಇಳಿಸಿ ಬರೆದುಕೊಂಡರು. ನಮ್ಮ ಹಳೆಯ ಪಾಠಶಾಲೆಗಳಲ್ಲಿ ಓಲೆಗರಿಯನ್ನು ಪ್ರತಿಮಾಡುತ್ತ ಶಾಸ್ತ್ರವನ್ನು ಅಂತರ್ಗತ ಮಾಡಿಕೊಳ್ಳುತ್ತಿದ್ದ ವಿದ್ಯಾರ್ಥಿಗಳ ನೆನಪನ್ನು ಈ ಸಂಗತಿಯು ತರುತ್ತದೆ. ೧೯೦೦ರಲ್ಲಿ ಇಂತಹ ಮಕ್ಕಳ ಶಿಕ್ಷಕರಿಗಾಗಿಯೇ ರೋಮಿನಲ್ಲಿ ಆರಂಭವಾದ ಸಂಸ್ಥೆಯಲ್ಲಿ ಅವರು ಮುಖ್ಯ ಸ್ಥಾನವನ್ನು ವಹಿಸಿದರು.

ಇದೇ ಕಾಲದಲ್ಲಿ ಅವರ ಸ್ವಂತ ಬಾಳಿನಲ್ಲಿ ಆಳವಾದ ಗಾಯವೊಂದು ಉಂಟಾಯಿತು. ಸಹೋದ್ಯೋಗಿ ಡಾ. ಮೊಂತೆಸಾನೊ ಅವರಿಂದ ೧೮೯೮ರಲ್ಲಿ ಮರಿಯೊ ಎಂಬ ಗಂಡುಮಗು ಹುಟ್ಟಿತು. ವಿವಾಹವು ನಡೆಯಲಿಲ್ಲ. ಅಂದಿನ ಸಮಾಜದ ಕಟ್ಟಳೆಯಲ್ಲಿ ಅವಿವಾಹಿತ ತಾಯಿಗೆ ವೃತ್ತಿಯೂ ಇಲ್ಲ, ಮಾನವೂ ಇಲ್ಲ. ಮಗುವನ್ನು ಹಳ್ಳಿಗಾಡಿನ ಕುಟುಂಬವೊಂದರಲ್ಲಿ ಬೆಳೆಯಲು ಬಿಟ್ಟು, ಆಗಾಗ ಹೋಗಿ ದೂರದ ಬಂಧುವಿನಂತೆ ನೋಡಿ ಬರುವುದಷ್ಟೇ ಅವರ ಪಾಲಿಗೆ ಉಳಿಯಿತು. ಲೋಕದ ಮಕ್ಕಳಿಗೆಲ್ಲ ತಾಯಾಗಲಿದ್ದ ಆ ಜೀವವು ಹೆತ್ತ ಮಗುವಿಗೆ ತಾಯಿಯೆಂದು ಹೇಳಿಕೊಳ್ಳಲಾರದೆ ಹೋಯಿತು. ತಮ್ಮ ತಾಯಿ ೧೯೧೨ರಲ್ಲಿ ತೀರಿಕೊಂಡ ಮೇಲೆಯೇ ಮರಿಯೊ ಅವರ ಮನೆಗೆ ಬಂದುದು. ಬಂದ ಮೇಲೆ ಮಾತ್ರ ಆತನು ತಾಯಿಯ ನೆರಳಾಗಿ, ಬಲಗೈಯಾಗಿ, ಕೊನೆಯವರೆಗೂ ಉಳಿದನು.

ಶಿಶುಗೃಹದ ಉದಯ

೧೯೦೭ರ ಜನವರಿ ೬ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ಮೊದಲನೆಯ ಶಿಶುಗೃಹವು ತೆರೆಯಿತು. ಅದು ಕೂಲಿಕಾರರು ವಾಸಿಸುತ್ತಿದ್ದ ಬಡಜನರ ಕೇರಿ. ತಾಯಿತಂದೆಗಳು ಕೆಲಸಕ್ಕೆ ಹೋದಾಗ ಮಕ್ಕಳು ಗೋಡೆಗಳನ್ನು ಕೆಡಿಸುತ್ತಾರೆಂದು ಮನೆಗಳ ಒಡೆಯರು ಮಾಡಿದ ಏರ್ಪಾಡಿನಿಂದ ಈ ಶಾಲೆಯು ಹುಟ್ಟಿತು. ಐವತ್ತಕ್ಕೂ ಮಿಕ್ಕ ಮಕ್ಕಳು ಅಲ್ಲಿ ಸೇರಿದರು. ಮಗುವಿನ ಅಳತೆಗೆ ತಕ್ಕ ಮೇಜು ಕುರ್ಚಿಗಳು, ಕೈಗೆ ಎಟಕುವ ಕಪಾಟುಗಳು, ಮುಟ್ಟಿ ಹಿಡಿದು ಜೋಡಿಸಿ ಅರಿಯಬಹುದಾದ ಸಾಧನಗಳು, ಗುಡಿಸುವ ತೊಳೆಯುವ ಬಡಿಸುವ ನಿತ್ಯದ ಕೆಲಸಗಳು, ಇವೇ ಅಲ್ಲಿಯ ಪಾಠ. ದಂಡನೆಯೂ ಇಲ್ಲ, ಬಹುಮಾನವೂ ಇಲ್ಲ. ಉಪಾಧ್ಯಾಯಿನಿಯ ಕೆಲಸವು ಮುಖ್ಯವಾಗಿ ನೋಡುವುದು. ಅಗತ್ಯವಿದ್ದಾಗ ಮಾತ್ರ ನೆರವಾಗುವುದು. ಕೆಲವೇ ತಿಂಗಳುಗಳಲ್ಲಿ ಆ ಮಕ್ಕಳಲ್ಲಿ ಮೂಡಿದ ಏಕಾಗ್ರತೆ, ಶಿಸ್ತು ಮತ್ತು ಲವಲವಿಕೆಗಳನ್ನು ಕಂಡು ನೋಡಬಂದವರು ಬೆರಗಾದರು. ನಮ್ಮ ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಕೈಯ ಕಾಯಕದಿಂದಲೇ ಮನದ ಅರಿವು ಕಣ್ಣು ತೆರೆಯಿತು.

೧೯೦೯ರಲ್ಲಿ ಪ್ರಕಟವಾದ ಅವರ ಗ್ರಂಥವು ಬೇಗನೆ ಹಲವು ಭಾಷೆಗಳಿಗೆ ಅನುವಾದಗೊಂಡಿತು. ೧೯೧೩ರಲ್ಲಿ ರೋಮಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಶಿಕ್ಷಣವರ್ಗಕ್ಕೆ ನಾನಾ ದೇಶಗಳ ಶಿಕ್ಷಕರು ಬಂದರು. ೧೯೧೫ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದ ಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ನಡೆಸಿ, ಮಕ್ಕಳು ಕಲಿಯುವ ರೀತಿಯನ್ನು ಜನರು ಹೊರಗಿನಿಂದಲೇ ಕಾಣುವಂತೆ ಮಾಡಲಾಯಿತು. ಟೀಕೆಗಳೂ ಬಾರದಿರಲಿಲ್ಲ. ಅಮೆರಿಕದ ಶಿಕ್ಷಣಶಾಸ್ತ್ರಜ್ಞ ಕಿಲ್ಪ್ಯಾಟ್ರಿಕ್ ಅವರು ೧೯೧೪ರಲ್ಲಿ ಈ ಪದ್ಧತಿಯಲ್ಲಿ ಕಲ್ಪನೆಗೂ ಮಕ್ಕಳ ಪರಸ್ಪರ ಸಹಕಾರಕ್ಕೂ ಸಾಕಷ್ಟು ಎಡೆಯಿಲ್ಲವೆಂದು ಆಕ್ಷೇಪಿಸಿದರು. ಈ ಆಕ್ಷೇಪಕ್ಕೆ ಉತ್ತರವೆನ್ನಬಹುದಾದ ಕಾರ್ಯವು ಮುಂದೆ ಭಾರತದಲ್ಲಿ ನಡೆಯುವುದಿತ್ತು.

ಅಳತೆಯಿಂದ ಆದರದ ಕಡೆಗೆ

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಶಿಶುಗೃಹವನ್ನು ತೆರೆಯುವ ಮೊದಲೇ, ೧೯೦೪ರಿಂದ, ಅವರು ರೋಮ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವನ್ನು ಬೋಧಿಸುತ್ತಿದ್ದರು. ಆ ಉಪನ್ಯಾಸಗಳು ೧೯೧೦ರಲ್ಲಿ ಗ್ರಂಥರೂಪವನ್ನು ತಾಳಿದವು. ಮಕ್ಕಳ ತಲೆಯ ಸುತ್ತಳತೆ, ಮೈಯ ಎತ್ತರ, ಮುಖದ ಆಕಾರ ಇವುಗಳನ್ನು ಅಳೆದು ಮನುಷ್ಯಭೇದಗಳನ್ನು ವಿಂಗಡಿಸುವುದು ಅಂದಿನ ಯುರೋಪಿನ ಮಾನವಶಾಸ್ತ್ರದ ವಾಡಿಕೆ. ಆ ಗ್ರಂಥದಲ್ಲಿ ಜನಾಂಗಗಳನ್ನು ಕುರಿತು ಬಂದಿರುವ ಹಲವು ಮಾತುಗಳನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ತಲೆಬುರುಡೆಯ ಅಳತೆಯಿಂದ ಬುದ್ಧಿಯನ್ನಾಗಲಿ ಸಂಸ್ಕೃತಿಯನ್ನಾಗಲಿ ನಿರ್ಣಯಿಸಲಾಗದೆಂಬುದು ಈಗ ಸಿದ್ಧವಾದ ಮಾತು.

ಹಾಗಿದ್ದರೂ ಒಬ್ಬ ವ್ಯಕ್ತಿಯ ದೊಡ್ಡತನವು ಆರಂಭದ ನೆಲೆಯಲ್ಲಿಯೇ ಅಲ್ಲ, ಅಲ್ಲಿಂದ ನಡೆದ ದೂರದಲ್ಲಿಯೂ ಕಾಣುತ್ತದೆ. ಅಳತೆಯ ಪಟ್ಟಿಯಿಂದ ಮನುಷ್ಯರ ಭೇದವನ್ನು ಹುಡುಕಲು ಹೊರಟ ವಿದುಷಿಯು ಇಳಿವಯಸ್ಸಿನಲ್ಲಿ ಮನುಷ್ಯರ ಸಮಾನವಾದ ಅಗತ್ಯಗಳನ್ನು ಮಕ್ಕಳಿಗೆ ತೋರಿಸುವ ಗುರುವಾದರು. ಈ ಎರಡರ ನಡುವೆ ಮೂವತ್ತು ವರ್ಷಗಳ ಕಾಲ ಹತ್ತಾರು ನಾಡುಗಳ ಮಕ್ಕಳನ್ನು ಕಣ್ಣಾರೆ ಕಂಡ ಅನುಭವವಿದೆ, ಜೊತೆಗೆ ಅಧಿಕಾರದಿಂದ ಉಂಡ ಕಹಿಯೂ ಇದೆ.

ಆ ಕಹಿಯ ಕಥೆ ಹೀಗಿದೆ. ೧೯೨೪ರಲ್ಲಿ ಮುಸ್ಸೊಲಿನಿಯ ಸರಕಾರವು ಅವರ ಪದ್ಧತಿಗೆ ಆಶ್ರಯವನ್ನು ನೀಡಿತು. ಅವರೂ ಅದನ್ನು ಸ್ವೀಕರಿಸಿದರು. ಶಾಲೆಗಳು ಬೆಳೆದವು. ಆದರೆ ಎಳೆಯರಿಗೆ ಸಮವಸ್ತ್ರವನ್ನು ತೊಡಿಸಿ ನಾಯಕನ ಜಯಕಾರವನ್ನು ಕಲಿಸುವ ಆಡಳಿತಕ್ಕೂ, ಮಗುವಿನ ಸ್ವಾತಂತ್ರ್ಯವನ್ನೇ ಮೂಲಮಂತ್ರವಾಗಿಸಿಕೊಂಡ ಶಿಕ್ಷಣಕ್ಕೂ ಬಹುಕಾಲ ಹೊಂದಿಕೆಯಾಗುವುದು ಸಾಧ್ಯವಿರಲಿಲ್ಲ. ೧೯೩೪ರ ಹೊತ್ತಿಗೆ ಸಂಬಂಧವು ಕಡಿಯಿತು. ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿಯೂ ಹಿಟ್ಲರನ ಆಡಳಿತವು ಅವುಗಳನ್ನು ಮುಚ್ಚಿಸಿತು. ಸ್ಪೇನಿನಲ್ಲಿ ನೆಲಸಿದ್ದ ಅವರನ್ನು ೧೯೩೬ರ ಅಂತರ್ಯುದ್ಧವು ಅಲ್ಲಿಂದ ಎಬ್ಬಿಸಿತು. ಮನೆಯನ್ನು ಬಿಟ್ಟು ಇಂಗ್ಲೆಂಡಿಗೆ, ಅಲ್ಲಿಂದ ಹಾಲೆಂಡಿಗೆ ಹೋದರು. ಈ ಅಲೆದಾಟದ ನಡುವೆಯೇ ೧೯೩೨ರಲ್ಲಿ ಜಿನೀವಾದಲ್ಲಿ, ೧೯೩೭ರಲ್ಲಿ ಕೋಪನ್‌ಹೇಗನ್ನಿನಲ್ಲಿ ಶಾಂತಿಯನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ಯುದ್ಧವನ್ನು ತಡೆಯುವುದು ರಾಜಕಾರಣದ ಕೆಲಸ, ಶಾಂತಿಯನ್ನು ಕಟ್ಟುವುದು ಮಾತ್ರ ಶಿಕ್ಷಣದ ಕೆಲಸ ಎಂಬುದು ಆ ಉಪನ್ಯಾಸಗಳ ತಾತ್ಪರ್ಯ.

ಭಾರತದ ನೆಲದಲ್ಲಿ

ಭಾರತಕ್ಕೂ ಅವರಿಗೂ ಮೊದಲಿನಿಂದ ನಂಟಿತ್ತು. ೧೯೩೧ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರು ಮಾಂಟೆಸ್ಸರಿ ಶಿಕ್ಷಕರ ಸಭೆಯಲ್ಲಿ ಮಾತನಾಡಿ, ಲೋಕಶಾಂತಿಯ ಆರಂಭವು ಮಕ್ಕಳಿಂದಲೇ ಆಗಬೇಕೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ, ಕಲಾಕ್ಷೇತ್ರದ ಸ್ಥಾಪಕಿ ರುಕ್ಮಿಣಿದೇವಿಯವರ ಆಹ್ವಾನದ ಮೇರೆಗೆ ೧೯೩೯ರ ನವೆಂಬರಿನಲ್ಲಿ, ತಮ್ಮ ೬೯ನೆಯ ವಯಸ್ಸಿನಲ್ಲಿ, ಮಾಂಟೆಸ್ಸರಿಯವರು ಮರಿಯೊವಿನೊಡನೆ ಮದರಾಸಿಗೆ ಬಂದರು. ಕೆಲವು ತಿಂಗಳುಗಳಿಗೆಂದು ಬಂದವರು ಸುಮಾರು ಏಳು ವರ್ಷ ಉಳಿದರು.

ಅಡ್ಯಾರಿನಲ್ಲಿ ನಡೆದ ಮೊದಲ ಶಿಕ್ಷಣವರ್ಗಕ್ಕೆ ದೇಶದ ಮೂಲೆಮೂಲೆಗಳಿಂದ ಸುಮಾರು ೩೦೦ ಮಂದಿ ಸೇರಿದರು. ಅವರು ಇಟಲಿಯ ಭಾಷೆಯಲ್ಲಿ ನುಡಿದುದನ್ನು ಮರಿಯೊ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೇಳುವವರು ಅದನ್ನು ತಮ್ಮ ತಮ್ಮ ತಾಯ್ನುಡಿಯಲ್ಲಿ ಅರ್ಥಮಾಡಿಕೊಳ್ಳುತ್ತಿದ್ದರು. ಒಂದೇ ಚಪ್ಪರದ ಕೆಳಗೆ ಎಷ್ಟೋ ಭಾಷೆಗಳು, ಎಷ್ಟೋ ಮತಗಳು, ಎಷ್ಟೋ ಉಡುಗೆತೊಡುಗೆಗಳು ಕೂಡಿದ್ದವು.

೧೯೪೦ರ ಜೂನ್ ತಿಂಗಳಲ್ಲಿ ಇಟಲಿಯು ಯುದ್ಧಕ್ಕೆ ಇಳಿದೊಡನೆ ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ತಾಯಿಮಗ ಇಬ್ಬರೂ ಶತ್ರುದೇಶದ ಪ್ರಜೆಗಳಾದರು. ಮುಸ್ಸೊಲಿನಿಯಿಂದ ದೂರವಾದವರನ್ನೇ ಮುಸ್ಸೊಲಿನಿಯ ದೇಶದವರೆಂದು ನಿರ್ಬಂಧಿಸಿದುದು ವಿಧಿಯ ವಿಡಂಬನೆ. ಮರಿಯೊವನ್ನು ಅಹಮದ್‌ನಗರದ ಬಂಧನಶಿಬಿರಕ್ಕೆ ಒಯ್ದರು. ತಾಯಿಯು ಅಡ್ಯಾರಿನ ಆವರಣವನ್ನು ದಾಟುವಂತಿರಲಿಲ್ಲ. ಮರಿಯೊವಿನ ನಾಲ್ವರು ಮಕ್ಕಳು ಜರ್ಮನರು ಆಕ್ರಮಿಸಿದ ಹಾಲೆಂಡಿನಲ್ಲಿ ಉಳಿದಿದ್ದರು. ಎಪ್ಪತ್ತು ಮುಟ್ಟುತ್ತಿದ್ದ ಆ ವೃದ್ಧೆಗೆ ಮಗನೂ ದೂರ, ಮೊಮ್ಮಕ್ಕಳೂ ದೂರ. ೧೯೪೦ರ ಆಗಸ್ಟ್ ೩೧ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಕಾಣಿಕೆಯೆಂಬಂತೆ, ಸರಕಾರವು ಮರಿಯೊವನ್ನು ಬಿಡುಗಡೆ ಮಾಡಿತು. ಬಿಡುಗಡೆಯ ಸಂದೇಶದಲ್ಲಿ ಆತನನ್ನು ಅವರ ಮಗನೆಂದೇ ಹೆಸರಿಸಲಾಗಿತ್ತೆಂದು ಹೇಳುತ್ತಾರೆ. ಅದುವರೆಗೆ ಲೋಕದ ಮುಂದೆ ಸೋದರಳಿಯ, ಸಾಕುಮಗ ಎಂದೆಲ್ಲ ಪರಿಚಯಗೊಳ್ಳುತ್ತಿದ್ದವನು ನಮ್ಮ ನೆಲದಲ್ಲಿ ಬಹಿರಂಗವಾಗಿ ಮಗನಾದನು. ನಾಲ್ಕು ದಶಕಗಳ ಮೌನವು ಹೀಗೆ ಮುಗಿಯಿತು.

ಭಾರತದ ಮನೆಗಳು ಅವರಿಗೆ ಹೊಸ ಪಾಠಶಾಲೆಯಾದವು. ಇಲ್ಲಿಯ ಹಸುಗೂಸು ತೊಟ್ಟಿಲಲ್ಲಿ ಒಂಟಿಯಾಗಿ ಬಿದ್ದಿರುವುದಿಲ್ಲ. ತಾಯಿಯ ಸೊಂಟವನ್ನೇರಿ ಸಂತೆಗೂ ಬಾವಿಗೂ ಗುಡಿಗೂ ಹಬ್ಬಕ್ಕೂ ಹೋಗುತ್ತದೆ; ಎಲ್ಲವನ್ನೂ ನೋಡುತ್ತದೆ, ಎಲ್ಲವನ್ನೂ ಕೇಳುತ್ತದೆ. ಮೊದಲ ಆರು ವರ್ಷಗಳಲ್ಲಿ ಮಗುವಿನ ಮನಸ್ಸು ಸುತ್ತಲಿನ ಭಾಷೆಯನ್ನೂ ಆಚಾರವನ್ನೂ ಯಾರೂ ಕಲಿಸದೆಯೇ ಹೀರಿಕೊಳ್ಳುತ್ತದೆ ಎಂಬ ಅವರ ಸಿದ್ಧಾಂತವು ಇಲ್ಲಿಯ ಉಪನ್ಯಾಸಗಳಲ್ಲಿ ಪರಿಪೂರ್ಣವಾಯಿತು. ಅದನ್ನು ಒಳಗೊಂಡ ಗ್ರಂಥವು ೧೯೪೯ರಲ್ಲಿ ಅಡ್ಯಾರಿನಿಂದಲೇ ಪ್ರಕಟವಾಯಿತು.

ಕೊಡೈಕನಾಲಿನ ಪಾಠ

೧೯೪೨ರಿಂದ ೧೯೪೪ರವರೆಗೆ ಅವರು ಕೊಡೈಕನಾಲಿನಲ್ಲಿ ವಾಸಿಸಿದರು. ಸಿಂಹಳದ ಶಿಕ್ಷಕಿ ಲೀನಾ ವಿಕ್ರಮರತ್ನೆಯವರ ನೆರವಿನಿಂದ ಅಲ್ಲಿ ವಿವಿಧ ವಯಸ್ಸಿನ ಮಕ್ಕಳ ಶಾಲೆಯೊಂದು ನಡೆಯಿತು. ಕೆಳಗೆ ಲೋಕವೆಲ್ಲ ಹೊತ್ತಿ ಉರಿಯುತ್ತಿರಲು, ಬೆಟ್ಟದ ಮೇಲೆ ಈ ವೃದ್ಧೆಯು ಮಕ್ಕಳಿಗೆ ಗಿಡ, ಹುಳು, ಕಲ್ಲು, ನಕ್ಷತ್ರಗಳಿಂದ ಮೊದಲುಮಾಡಿ ಮಾನವಕುಲದ ಕಥೆಯನ್ನು ಹೇಳುತ್ತಿದ್ದರು. ಬೀಜರೂಪದಲ್ಲಿ ಮೊದಲೇ ಇದ್ದ ವಿಚಾರವೊಂದು ಇಲ್ಲಿ ಮರವಾಗಿ ಬೆಳೆಯಿತು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥವನ್ನು ವಿಶ್ವಶಿಕ್ಷಣವೆಂದು ನಾವು ಕರೆಯಬಹುದು.

ಇದರ ಕ್ರಮವನ್ನು ಶಿಕ್ಷಕರು ವಿವರವಾಗಿ ತಿಳಿಯುವುದು ಲೇಸು. ಆರು ವರ್ಷದೊಳಗಿನ ಮಗುವಿಗೆ ಉಪನ್ಯಾಸವು ಸಲ್ಲದು, ವಸ್ತುವು ಬೇಕು. ಮೊದಲು ಮರಳುಕಾಗದ ಅಂಟಿಸಿದ ಭೂಗೋಲವನ್ನು ಅದರ ಕೈಗೆ ಕೊಡುತ್ತಾರೆ. ಬೆರಳಿಗೆ ಒರಟಾಗಿ ತಾಗುವುದು ನೆಲ, ನುಣುಪಾಗಿ ತಾಗುವುದು ನೀರು. ಈ ಗೋಲದ ಮೇಲೆ ರಾಜ್ಯಗಳ ಗಡಿಗಳಿಲ್ಲ. ಅನಂತರ ಬಣ್ಣದ ಗೋಲ: ಏಷ್ಯಾ ಹಳದಿ, ಆಫ್ರಿಕಾ ಹಸಿರು, ಯುರೋಪು ಕೆಂಪು, ಉತ್ತರ ಅಮೆರಿಕ ಕಿತ್ತಳೆ, ದಕ್ಷಿಣ ಅಮೆರಿಕ ನಸುಗೆಂಪು, ಆಸ್ಟ್ರೇಲಿಯಾ ಕಂದು. ಅದೇ ಬಣ್ಣಗಳ ಮರದ ಭೂಪಟದ ತುಂಡುಗಳನ್ನು ಗುಬಟು ಹಿಡಿದು ಎತ್ತಿ ಮತ್ತೆ ಜೋಡಿಸುವುದು ಮುಂದಿನ ಹೆಜ್ಜೆ. ಆಮೇಲೆ ಒಂದೊಂದು ಖಂಡದ ಜನರ ಮನೆ, ಊಟ, ಉಡುಗೆ, ಹಬ್ಬ, ವಾದ್ಯಗಳ ನಿಜವಾದ ಚಿತ್ರಗಳು. ಎಳೆಯ ವಯಸ್ಸಿನಲ್ಲಿ ಕಟ್ಟುಕಥೆಯ ರಾಕ್ಷಸ ದೇಶಗಳಿಗಿಂತ ನಿಜವಾದ ದೇಶಗಳೇ ಮಗುವಿಗೆ ಹೆಚ್ಚು ಬೆರಗನ್ನು ತರುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು.

ಆರು ವರ್ಷ ದಾಟಿದ ಮೇಲೆ ಮಗುವಿನ ಸ್ವಭಾವವೇ ಬದಲಾಗುತ್ತದೆ. ಏನು ಎಂದು ಕೇಳುತ್ತಿದ್ದುದು ಈಗ ಏಕೆ ಎಂದು ಕೇಳುತ್ತದೆ, ಕಲ್ಪನೆಯು ಗರಿಗೆದರುತ್ತದೆ, ನ್ಯಾಯಾನ್ಯಾಯಗಳ ವಿವೇಚನೆಯು ಮೊಳೆಯುತ್ತದೆ. ಆಗ ದೊಡ್ಡ ಕಥೆಗಳು ಬರುತ್ತವೆ. ವಿಶ್ವದ ಉಗಮ, ಜೀವಿಗಳ ಆಗಮನ, ಮನುಷ್ಯನ ಆಗಮನ, ಬರಹದ ಕಥೆ, ಅಂಕೆಗಳ ಕಥೆ ಎಂದು ಇವು ಐದು. ಮನುಷ್ಯನ ಕಥೆಯೊಡನೆ ಒಂದು ಪಟವನ್ನು ತೋರಿಸುತ್ತಾರೆ. ಅನ್ನ, ಬಟ್ಟೆ, ವಸತಿ, ಸಂಚಾರ, ರಕ್ಷಣೆ ಇವು ದೇಹದ ಅಗತ್ಯಗಳು. ಕಲೆ, ಅಲಂಕಾರ, ಧರ್ಮ ಇವು ಆತ್ಮದ ಅಗತ್ಯಗಳು. ಈ ಅಗತ್ಯಗಳು ಎಲ್ಲ ಕಾಲದ ಎಲ್ಲ ಜನರಿಗೂ ಒಂದೇ. ಅವುಗಳನ್ನು ಪೂರೈಸಿಕೊಂಡ ಬಗೆಗಳು ಮಾತ್ರ ಬೇರೆ ಬೇರೆ. ಮಂಗೋಲಿಯದ ಪಶುಪಾಲಕನು ಮಂದೆಯೊಡನೆ ನಡೆಯಬೇಕಾದ್ದರಿಂದ ಮಡಚಿ ಒಯ್ಯಬಹುದಾದ ಉಣ್ಣೆಗಂಬಳಿಯ ಮನೆಯನ್ನು ಕಟ್ಟಿದನು. ಮರುಭೂಮಿಯವನು ಬಿಸಿಲು ಮರಳುಗಳಿಂದ ಮೈಯನ್ನು ಕಾಯಲು ಸಡಿಲವಾದ ನಿಲುವಂಗಿಯನ್ನು ತೊಟ್ಟನು. ಹೀಗೆ ಕಾರಣವನ್ನು ಅರಿತ ಮಗುವು ಪರದೇಶದ ಆಚಾರವನ್ನು ಕಂಡು ನಗುವುದಿಲ್ಲ. ಅಲ್ಲಿಯ ಜನರ ಜಾಣ್ಮೆಯನ್ನು ಕಂಡು ತಲೆದೂಗುತ್ತದೆ. ಪರಿಹಾಸಕ್ಕೂ ಗೌರವಕ್ಕೂ ನಡುವಣ ಅಂತರವು ಬಹುಸಲ ಒಂದು ಕಾರಣವನ್ನು ತಿಳಿಯುವಷ್ಟೇ ಆಗಿರುತ್ತದೆ.

ಈ ಕಾಲದ ಒಂದು ಪ್ರಸಂಗವು ಅವರ ಶಿಷ್ಯಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ನಮ್ಮ ನಾಗರಿಕತೆಯು ನಿಮ್ಮದಕ್ಕಿಂತ ಬಹಳ ಪ್ರಾಚೀನವಾದುದು ಎಂಬ ಹೆಮ್ಮೆಯನ್ನು ಭಾರತದ ಮಕ್ಕಳು ಅವರ ಮುಂದೆ ತೋರಿಸಿದರಂತೆ. ಅವರು ವಾದಿಸಲಿಲ್ಲ, ಗದರಿಸಲೂ ಇಲ್ಲ. ಸುಮಾರು ೩೦೦ ಮೀಟರು ಉದ್ದದ ಕಪ್ಪು ಬಟ್ಟೆಯ ಪಟ್ಟಿಯೊಂದನ್ನು ಸಿದ್ಧಪಡಿಸಿ ದಾರಿಯುದ್ದಕ್ಕೂ ಬಿಚ್ಚಿ ಹಾಸಲಾಯಿತು. ಆ ಪಟ್ಟಿಯು ಭೂಮಿಯ ವಯಸ್ಸು. ಮಕ್ಕಳು ಅದರ ಪಕ್ಕದಲ್ಲಿ ನಡೆದರು, ನಡೆದರು, ಮುಗಿಯಲೊಲ್ಲದು. ಕಟ್ಟಕಡೆಯಲ್ಲಿ ಕೂದಲೆಳೆಯಷ್ಟು ಬಿಳಿಯ ಅಂಚು ಕಾಣಿಸಿತು. ಅದು ಮನುಷ್ಯನು ಭೂಮಿಯ ಮೇಲೆ ಇರುವ ಕಾಲ. ಆ ಅಂಚಿನೊಳಗೆ ಈಜಿಪ್ಟು ಎಲ್ಲಿ, ಸಿಂಧೂ ಎಲ್ಲಿ, ರೋಮ್ ಎಲ್ಲಿ ಎಂದು ಬೇರ್ಪಡಿಸಿ ತೋರಿಸುವುದೇ ಅಸಾಧ್ಯ. ಯಾರು ಹಿರಿಯರು, ಯಾರು ಕಿರಿಯರು ಎಂಬ ವಾದವು ತಾನಾಗಿಯೇ ನಿಂತಿತು. ಯಾವ ಮಗುವಿನ ನಾಡನ್ನೂ ಹೀಗಳೆಯದೆ, ಎಲ್ಲರನ್ನೂ ಸಮಾನವಾಗಿ ತಡವಾಗಿ ಬಂದ ಅತಿಥಿಗಳನ್ನಾಗಿ ಮಾಡಿದ ಈ ಪಾಠವು ಉಪಾಧ್ಯಾಯವೃತ್ತಿಯ ಇತಿಹಾಸದಲ್ಲಿಯೇ ಅನುಪಮವಾದುದು.

ಗೌರವದ ಬೆನ್ನಿಗೇ ಕೃತಜ್ಞತೆಯನ್ನು ಅವರು ಕಲಿಸಿದರು. ಮೊದಲು ಬೆಂಕಿಯನ್ನು ಕಾಪಿಟ್ಟವರ, ಮೊದಲು ಕಾಳನ್ನು ಬಿತ್ತಿದವರ ಹೆಸರು ಯಾರಿಗೂ ತಿಳಿಯದು. ಆದರೆ ಅವರ ಋಣವು ಪ್ರತಿಯೊಬ್ಬರ ಮೇಲೆಯೂ ಇದೆ. ಈ ಮಾತನ್ನು ನಮ್ಮ ಪ್ರಸಾದನಿಲಯಗಳ ಪಂಕ್ತಿಯಲ್ಲಿ ಕುಳಿತ ಮಗುವಿಗೆ ತಟ್ಟೆಯಿಂದಲೇ ತೋರಿಸಬಹುದು. ಉತ್ತರ ಕರ್ನಾಟಕದ ಪ್ರಾಣವಾದ ಜೋಳವನ್ನು ಸಾವಿರಾರು ವರ್ಷಗಳ ಹಿಂದೆ ಮೊದಲು ಪಳಗಿಸಿದವರು ಈಶಾನ್ಯ ಆಫ್ರಿಕದ ಒಕ್ಕಲಿಗರು. ಮೈಸೂರು ಸೀಮೆಯ ರಾಗಿಯ ತವರೂ ಪೂರ್ವ ಆಫ್ರಿಕದ ಎತ್ತರದ ನಾಡು. ಚಟ್ನಿಯಲ್ಲಿರುವ ಮೆಣಸಿನಕಾಯಿ ಅಮೆರಿಕದ ಮೂಲನಿವಾಸಿಗಳು ಬೆಳೆಸಿ, ಪೋರ್ಚುಗೀಸರ ಹಡಗುಗಳಲ್ಲಿ ಬಂದುದು. ಪಾಟಿಚೀಲದಲ್ಲಿರುವ ಕಾಗದವು ಚೀನರ ಶೋಧ. ಅದರ ಮೇಲೆ ಬರೆಯುವ ಸೊನ್ನೆಯು ಭಾರತದಿಂದ ಅರಬರ ಮೂಲಕ ಯುರೋಪಿಗೆ ಹೋದ ನಮ್ಮ ಕಾಣಿಕೆ. ಕೊಟ್ಟವರೂ ನಾವೇ, ಪಡೆದವರೂ ನಾವೇ. ತನ್ನ ರೊಟ್ಟಿಯಲ್ಲಿ ಆಫ್ರಿಕವನ್ನು ಕಂಡ ಮಗುವು ಆಫ್ರಿಕದ ಮನುಷ್ಯನನ್ನು ಪರಕೀಯನೆಂದು ಎಣಿಸುವುದು ಕಷ್ಟ.

ಕೊನೆಯ ದಿನಗಳು

ಅಡ್ಯಾರು, ಅಹಮದಾಬಾದು, ಕರಾಚಿ, ಶ್ರೀನಗರ, ಕೊಲಂಬೊ ಮೊದಲಾದ ಕಡೆಗಳಲ್ಲಿ ನಡೆದ ವರ್ಗಗಳಿಂದ ಸಾವಿರಕ್ಕೂ ಮಿಕ್ಕ ಶಿಕ್ಷಕರು ತರಬೇತು ಪಡೆದರು. ೧೯೪೬ರಲ್ಲಿ ಯುರೋಪಿಗೆ ಮರಳಿ ಮೊಮ್ಮಕ್ಕಳನ್ನು ಕಂಡ ಅವರು, ೧೯೪೭ರಲ್ಲಿ ಮತ್ತೆ ಭಾರತಕ್ಕೆ ಬಂದರು. ದೇಶವು ಒಡೆದು ಎರಡಾಗಿದ್ದ ಆ ದಿನಗಳಲ್ಲಿ ಇತ್ತ ಭಾರತದಲ್ಲಿಯೂ, ೧೯೪೯ರಲ್ಲಿ ಅತ್ತ ಕರಾಚಿಯಲ್ಲಿಯೂ ಶಿಕ್ಷಕರಿಗೆ ಒಂದೇ ಪಾಠವನ್ನು ಹೇಳಿದರು. ೧೯೪೯, ೧೯೫೦ ಮತ್ತು ೧೯೫೧ರಲ್ಲಿ ನೊಬೆಲ್ ಶಾಂತಿಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು, ಪಾರಿತೋಷಕವು ಬರಲಿಲ್ಲ. ೧೯೫೨ರ ಮೇ ೬ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್ ಎಂಬಲ್ಲಿ, ತಮ್ಮ ೮೧ನೆಯ ವಯಸ್ಸಿನಲ್ಲಿ, ಮಗನ ಸಮೀಪದಲ್ಲಿಯೇ ಅವರು ದೇಹವನ್ನು ಬಿಟ್ಟರು. ಸಮಾಧಿಯೂ ಅಲ್ಲಿಯೇ ಇದೆ. ಇಟಲಿಯಲ್ಲಿ ಹುಟ್ಟಿ, ಸ್ಪೇನಿನಲ್ಲಿ ಮನೆಮಾಡಿ, ಭಾರತದಲ್ಲಿ ಮಗನನ್ನು ಮರಳಿ ಪಡೆದು, ಹಾಲೆಂಡಿನ ಮಣ್ಣಿನಲ್ಲಿ ಮಲಗಿದ ಆ ತಾಯಿಗೆ ಯಾವ ದೇಶವು ಸ್ವದೇಶ, ಯಾವುದು ಪರದೇಶ!

ನಮಗೆ ಉಳಿದ ಕರ್ತವ್ಯ

ಪರದೇಶದ ಉಡುಪನ್ನು ಮಕ್ಕಳಿಗೆ ತೊಡಿಸಿ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ನಿಲ್ಲಿಸುವುದರಿಂದ ಈ ಶಿಕ್ಷಣವು ಸಿದ್ಧಿಸುವುದಿಲ್ಲ. ಉಡುಪು ಬಂದಿತು, ಕಾರಣವು ಬರಲಿಲ್ಲವೆಂದರೆ ಉಳಿಯುವುದು ವೇಷ ಮಾತ್ರ. ನಿತ್ಯದ ಪಾಠದಲ್ಲಿ, ಕೈಗೆ ಸಿಕ್ಕುವ ಭೂಗೋಲದಲ್ಲಿ, ಉಣ್ಣುವ ಅನ್ನದಲ್ಲಿ ಅದು ಬೆರೆಯಬೇಕು. ಅದಕ್ಕೆ ದುಬಾರಿಯಾದ ಸಾಧನಗಳೂ ಬೇಡ. ಕುಂಬಾರನು ಕೊಟ್ಟ ಮಣ್ಣಿನ ಗೋಲಕ್ಕೆ ಮರಳು ಅಂಟಿಸಿ ನೆಲವನ್ನು ಮಾಡಬಹುದು. ನೇಕಾರನ ಕಪ್ಪು ಬಟ್ಟೆಯಿಂದ ಕಾಲದ ಪಟ್ಟಿಯನ್ನು ಮಾಡಬಹುದು. ಬಡಗಿಯ ಕೈಯಿಂದ ಭೂಪಟವನ್ನು ಕೊರೆಯಿಸಬಹುದು. ನಮ್ಮ ಊರುಗಳ ಕಾಯಕದವರೇ ವಿಶ್ವಶಿಕ್ಷಣದ ಸಾಧನಗಳನ್ನು ಒದಗಿಸಬಲ್ಲರು. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ದೂರದೇಶಗಳಲ್ಲಿ ನೆಲಸಿದ್ದಾರೆ. ಅವರು ತಾವಿರುವ ನಾಡಿನ ಜನಜೀವನದ ನಾಲ್ಕು ಚಿತ್ರಗಳನ್ನು ತಮ್ಮ ಶಾಲೆಯ ಶಿಶುವರ್ಗಕ್ಕೆ ಕಳುಹಿಸಿದರೆ ಅದೂ ಒಂದು ದಾಸೋಹವೇ.

ಇಂದಿನ ಮಗುವಿಗೆ ಅಂಗೈಯ ತೆರೆಯಲ್ಲಿ ಜಗತ್ತೆಲ್ಲ ಕಾಣುತ್ತದೆ. ಆದರೆ ಅದೇ ತೆರೆಯಲ್ಲಿ ಪರರ ಮೇಲಣ ಹಗೆಯೂ ಅಷ್ಟೇ ಸುಲಭವಾಗಿ ಬರುತ್ತದೆ. ಯಾವುದು ಮೊದಲು ಮನಸ್ಸನ್ನು ಹೊಗುವುದೋ ಅದೇ ಬೇರೂರುವುದು. ಹಗೆಯು ಬಾಗಿಲನ್ನು ತಟ್ಟುವ ಮೊದಲೇ ಆದರವು ಒಳಗೆ ಕುಳಿತಿರಬೇಕು. ಆ ಕೆಲಸಕ್ಕೆ ಶಿಶುವರ್ಗವೇ ತಕ್ಕ ಕ್ಷೇತ್ರ, ಶಿಕ್ಷಕರೇ ತಕ್ಕ ಒಕ್ಕಲಿಗರು. ದೂರದೂರದ ನಾಡುಗಳಿಂದ ಬಂದವರನ್ನೂ ಕುಲವನ್ನು ಕೇಳದೆ ಬರಮಾಡಿಕೊಂಡ ಅನುಭವಮಂಟಪದ ಪರಂಪರೆಗೆ ವಾರಸುದಾರರಾದ ನಮಗೆ ಇದು ಹೊಸ ಮಾತೇನೂ ಅಲ್ಲ. ಹಿರಿಯರು ದೊಡ್ಡವರಿಗೆ ತೆರೆದ ಆ ಬಾಗಿಲನ್ನು ನಾವು ಚಿಕ್ಕವರಿಗೂ ತೆರೆಯಬೇಕಾಗಿದೆ. ಆ ಕಾರ್ಯದಲ್ಲಿ ಮರಿಯಾ ಮಾಂಟೆಸ್ಸರಿಯವರ ಜೀವನವು ನಮ್ಮ ಶಿಕ್ಷಕರಿಗೆ ದಾರಿದೀಪವಾಗಲಿ. ಗುರುಕೃಪೆಯು ಅವರ ಕೈಗೆ ಬಲವನ್ನು ನೀಡಲಿ.